ಟಪಾಲಣ್ಣ ತಡೆಹಿಡಿದ ಸುದ್ದಿ

ಕೆಲವರ ಕೈಯಲ್ಲಿ ರುಚಿ ಇರುತ್ತದೆ, ಕೆಲವರ ಕೈಯಲ್ಲಿ ರಾಗ ಇರುತ್ತದೆ. ಟಪಾಲಣ್ಣನ ಕೈಯಲ್ಲಿ ಇದ್ದದ್ದು ಊರುಗಳು. ಅಂಚೆಯ ವಿಂಗಡಣೆ ಕೋಣೆಯಲ್ಲಿ, ನೆಲದಿಂದ ಸೂರಿನವರೆಗೆ ಮರದ ಗೂಡುಗಳೇ ತುಂಬಿದ ಗೋಡೆಯ ಮುಂದೆ ನಿಂತು, ಎಡಗೈಯಲ್ಲಿ ಕಾಗದದ ಕಟ್ಟು ಹಿಡಿದು, ಬಲಗೈಯಿಂದ ಒಂದೊಂದನ್ನೇ ಎಸೆಯುತ್ತಿದ್ದ. ಕಣ್ಣು ವಿಳಾಸ ಓದಿ ಮುಗಿಸುವಷ್ಟರಲ್ಲಿ ಕಾಗದ ಆಗಲೇ ಆ ಊರಿನ ಗೂಡಿನಲ್ಲಿ ಬಿದ್ದು ಸುಧಾರಿಸಿಕೊಳ್ಳುತ್ತಿತ್ತು. ಕಾಲೂರಿ ನೋಡಿದ ಊರು ಒಂದೋ ಎರಡೋ. ಕೈಯಲ್ಲಿ ಓಡಾಡಿದ ಊರಿಗೆ ಲೆಕ್ಕವೇ ಇಲ್ಲ.

ಮಳೆಗೆ ಸಿಕ್ಕಿ ವಿಳಾಸ ಅರ್ಧ ಅಳಿಸಿಹೋದ ಕಾಗದ ಬಂದರೆ ಉಳಿದವರು ‘ಹೋಯ್ತು ಬಿಡು’ ಎಂದು ಮೂಲೆಯ ಚೀಲಕ್ಕೆ ಹಾಕುವರು. ಇವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಹೆತ್ತವರಿಲ್ಲದ ಮಗುವಿಗೆ ಸೋದರಮಾವನನ್ನು ಹುಡುಕುವವನ ಹಾಗೆ ಒಂದು ದಾರಿ ಹುಡುಕುವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡ ಗುಮಾಸ್ತರು ಒಂದು ಮಾತು ಹೇಳಿದ್ದರು: “ಒಳಗಿರೋದು ನಮ್ಮದಲ್ಲ ಕಣಯ್ಯ. ಹುಟ್ಟಿರಲಿ, ಸಾವಿರಲಿ, ತಲುಪಿಸೋದಷ್ಟೇ ನಮ್ಮದು. ತಡೆದೋನು ಕಳ್ಳ.” ಆ ಮಾತನ್ನು ಅವನು ಜೇಬಿನಲ್ಲಿಟ್ಟ ಕನ್ನಡಕದ ಹಾಗೆ ದಿನವೂ ಬಳಸಿದ.

ಇಂಥವನು ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತರೆ ಏನಾಗಬೇಕು? ಅಡುಗೆಮನೆಗೆ ಗ್ರಹಚಾರ ಬಂತು.

“ರೀ, ಸಕ್ಕರೆ ಎಲ್ಲಿ?” ಎಂದು ಹೆಂಡತಿ ಕೂಗಿದಳು ಒಂದು ಬೆಳಿಗ್ಗೆ.

“ಮೇಲಿನ ಸಾಲಲ್ಲಿ ನೋಡು. ಸಾಬೂನಿನ ಪಕ್ಕ.”

“ಸಾಬೂನಿನ ಪಕ್ಕಾನಾ!”

“ಅಕಾರಾದಿ ಇಟ್ಟಿದೀನಿ ಕಣೇ. ಕಣ್ಣು ಮುಚ್ಚಿ ತಗೋಬಹುದು.”

“ಕಣ್ಣು ಮುಚ್ಚಿ ತಗೊಂಡ್ರೆ ನಿಮ್ಮ ಚಹಾದಲ್ಲಿ ನೊರೆ ಬರುತ್ತೆ, ಅಷ್ಟೇ.”

ಹೆಂಡತಿ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿನ ಹಿರಿಯ ನರ್ಸು. ಬೀದಿಗೆ ಬೀದಿಯೇ ಅವಳನ್ನು ‘ಸಿಸ್ಟರ್’ ಎನ್ನುತ್ತಿತ್ತು. ಹಾಲಿನವನಿಗೆ ಸಿಸ್ಟರ್, ಎದುರುಮನೆಯ ಮುದುಕಿಗೆ ಸಿಸ್ಟರ್, ಸ್ವಂತ ಮೈದುನನಿಗೂ ಸಿಸ್ಟರ್. ಹೊಸದಾಗಿ ಮದುವೆಯಾದಾಗ ಟಪಾಲಣ್ಣನೇ ಒಮ್ಮೆ ಬಾಯಿತಪ್ಪಿ ಹಾಗೆ ಕರೆದು, ಅತ್ತೆಯ ಮನೆಯಲ್ಲಿ ಊಟದ ತಟ್ಟೆಯಿಂದ ತಲೆ ಎತ್ತಲಾಗದೆ ಒದ್ದಾಡಿದ್ದ. ಅವಳ ನಡಿಗೆ ಸದ್ದಿಲ್ಲದ್ದು. ಪಾತ್ರೆ ಇಟ್ಟರೆ ಸದ್ದಿಲ್ಲ, ಬಾಗಿಲು ಹಾಕಿದರೆ ಸದ್ದಿಲ್ಲ. ಬೈದರೂ ಮೆಲ್ಲಗೆ ಬೈಯುವಳು. ಅದಕ್ಕೇ ಅದು ಹೆಚ್ಚು ನಾಟುತ್ತಿತ್ತು.

ಈ ಸದ್ದಿನ ವಿಚಾರವೇ ಅವಳ ತಲೆಗೆ ಹೊಕ್ಕ ಹುಳು. ಹೊಟ್ಟೆ ಕೊಯ್ಸಿಕೊಂಡು ಮಲಗಿದವನ ಪಕ್ಕದಲ್ಲಿ ಉಕ್ಕಿನ ತಟ್ಟೆ ಬೀಳುತ್ತದೆ, ತಳ್ಳುಗಾಡಿಯ ಚಕ್ರ ಕಿರ್ರೆನ್ನುತ್ತದೆ, ಫೋನು ಬಡಿದುಕೊಳ್ಳುತ್ತದೆ. ಈಗತಾನೇ ಕಣ್ಣು ಹತ್ತಿದವನು ಬೆಚ್ಚಿ ಏಳುತ್ತಾನೆ. ವರ್ಷಗಟ್ಟಲೆ ಇದನ್ನು ನೋಡಿ ನೋಡಿ, ಕಡೆಗೆ ಅವಳು, ಓರಗೆಯವರೆಲ್ಲ ಮೊಮ್ಮಕ್ಕಳಿಗೆ ಟೋಪಿ ಹೆಣೆಯುವ ವಯಸ್ಸಿನಲ್ಲಿ, ‘ವಾರ್ಡಿನ ಸದ್ದು ಮತ್ತು ರೋಗಿಯ ಚೇತರಿಕೆ’ ಎಂದು ಸಂಶೋಧನೆಗೆ ಕಾಲೇಜಿನಲ್ಲಿ ಹೆಸರು ನೋಂದಾಯಿಸಿ ಬಂದಳು. ಆಸ್ಪತ್ರೆಯ ಕೆಲಸ ಬಿಡಲಿಲ್ಲ; ಓದು ಅದರ ಸಂದಿಯಲ್ಲಿ.

ಓದುವುದೇನೋ ರಾಕ್ಷಸಿಯ ಹಾಗೆ ಓದುತ್ತಿದ್ದಳು. ಆದರೆ ಓದಿದ್ದನ್ನು ಇಡುವುದು? ವಾರ್ಡಿನಲ್ಲಿ ಹತ್ತಿ ಎಲ್ಲಿ, ಸೂಜಿ ಎಲ್ಲಿ ಎಂದು ನಿದ್ದೆಯಲ್ಲೂ ಹೇಳಬಲ್ಲವಳು ಮನೆಯಲ್ಲಿ ಲೇಖನಗಳನ್ನು ದಿಂಬಿನ ಚೀಲದೊಳಗೆ, ಫ್ರಿಜ್ಜಿನ ತಲೆಯ ಮೇಲೆ, ಕೊಡೆ ಇಡುವ ಡಬ್ಬದಲ್ಲಿ ಸೇರಿಸಿರುತ್ತಿದ್ದಳು. ಮೊದಲ ಅಧ್ಯಾಯ ಬರೆದು ಗೈಡ್ ಹತ್ತಿರ ಕೊಟ್ಟಳು. ಗೈಡು ಅವಳಿಗಿಂತ ಬಹಳ ಚಿಕ್ಕವಳು, ಕಟ್ಟುನಿಟ್ಟಿನ ಹೆಂಗಸು. ಅಧ್ಯಾಯ ವಾಪಸು ಬಂದಾಗ ಪುಟಪುಟದ ಅಂಚಿನಲ್ಲೂ ಒಂದೇ ಪ್ರಶ್ನೆ: ‘ಇದನ್ನು ಹೇಳಿದ್ದು ಯಾರು?’

“ಯಾರೋ ಹೇಳಿದಾರೆ! ನಾನೇ ಓದಿದೀನಿ, ಎಡಗಡೆ ಪುಟದಲ್ಲಿ ಕೆಳಗಡೆ ಇತ್ತು!” ಎಂದು ಅವಳು ಹಾಸಿಗೆಯ ಮೇಲೆ ಕಾಗದ ಹರಡಿಕೊಂಡು ಕುಳಿತಳು. ಕಣ್ಣು ತುಂಬಿಕೊಂಡಿತ್ತು.

ಟಪಾಲಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವನಿಗೆ ಸಂಶೋಧನೆ ತಿಳಿಯದು. ಆದರೆ ಹಾಸಿಗೆಯ ತುಂಬ ಬಿದ್ದಿದ್ದದ್ದು ಏನು ಎನ್ನುವುದು ತಕ್ಷಣ ತಿಳಿಯಿತು. ವಿಳಾಸ ಕಳೆದುಕೊಂಡ ಟಪಾಲು! ಬಹಳ ತಿಂಗಳ ಮೇಲೆ ಅವನ ಬಲಗೈ ತುರಿಸಿತು.

ಮರುದಿನವೇ ಹೆಂಡತಿಯ ಕಾಲೇಜಿನ ಗ್ರಂಥಾಲಯಕ್ಕೆ ಹೋದ. ಅಲ್ಲಿ ಸಂಶೋಧಕರಿಗೆ ನೆರವಾಗಲು ಕೂತಿದ್ದ ಮೇಡಂಗೆ ಹನ್ನೆರಡು ತಿಂಗಳೂ ನೆಗಡಿ.

“ಯಾವ ವಿಷಯದಲ್ಲಿ ರಿಸರ್ಚ್ ಸರ್?” ಎಂದಳು ಮೂಗೊರೆಸಿಕೊಳ್ಳುತ್ತ.

“ನನ್ನದಲ್ಲಮ್ಮ, ನಮ್ಮನೆಯವಳದ್ದು. ನಾನು ಮೂಟೆ ಹೊರೋನು.”

ನೆಗಡಿ ಮೇಡಂ ನಕ್ಕು, ಕುರ್ಚಿ ಎಳೆದು ಕೂರಿಸಿ, ಆಕರಗಳನ್ನು ಜೋಡಿಸಿಡುವ ತಂತ್ರಾಂಶವನ್ನು ತೋರಿಸಿದಳು. ಲೇಖನದ ಪುಟ ತೆರೆದು ಮೂಲೆಯ ಒಂದು ಗುಂಡಿ ಒತ್ತಿದರೆ ಸಾಕು, ಬರೆದವರು, ಶೀರ್ಷಿಕೆ, ಪತ್ರಿಕೆ, ವರ್ಷ, ಪುಟ ಎಲ್ಲವೂ ತಂತಮ್ಮ ಜಾಗದಲ್ಲಿ ಹೋಗಿ ಕೂರುತ್ತಿದ್ದವು. ಎಡಗಡೆ ಕಡತಗಳ ಸಾಲು. ಬೇಕಾದದ್ದನ್ನು ಹಿಡಿದೆಳೆದು ಬೇಕಾದದ್ದರಲ್ಲಿ ಹಾಕಬಹುದು. ಟಪಾಲಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ.

“ಇದು ನಮ್ಮ ಗೂಡಲ್ವೇನಮ್ಮಾ! ಗೋಡೆಯಿಂದ ಕಿತ್ತು ಇದರೊಳಗೆ ಯಾರು ಕೂರಿಸಿದ್ರು?”

ಅಂದಿನಿಂದ ಆ ತಂತ್ರಾಂಶಕ್ಕೆ ಮನೆಯಲ್ಲಿ ‘ಗೂಡು’ ಎಂದೇ ಹೆಸರಾಯಿತು. ದಿಂಬಿನ ಚೀಲ ಬರಿದಾಯಿತು, ಕೊಡೆಯ ಡಬ್ಬಕ್ಕೆ ಮತ್ತೆ ಕೊಡೆ ಬಂತು. ಒಂದೊಂದು ಲೇಖನವನ್ನೂ ಅವನು ಮೂಲ ಹುಡುಕಿ, ವಿಳಾಸ ಸರಿಮಾಡಿ ಗೂಡಿಗೆ ಸೇರಿಸಿದ. ಎಲ್ಲ ಮುಗಿದ ಮೇಲೆ, ಹೊಸ ಮನೆ ತೋರಿಸುವವನ ಹಾಗೆ ಹೆಂಡತಿಯನ್ನು ಕರೆದು ಕೂರಿಸಿದ.

“ನೋವಿನ ಬಗ್ಗೆ ಇರೋದನ್ನೆಲ್ಲ ತೋರಿಸಿ ನೋಡೋಣ,” ಎಂದಳು ಅವಳು.

“ನೋವು ಯಾವ ಊರಲ್ಲಿದೆ ಹೇಳು, ತೆಗೀತೀನಿ.”

“ಏನಂದ್ರಿ?”

ವಿಚಾರಿಸಿದರೆ, ಮಹಾರಾಯ ಅಷ್ಟೂ ಲೇಖನಗಳನ್ನು ಅವು ಅಚ್ಚಾದ ಊರಿನ ಪ್ರಕಾರ ವಿಂಗಡಿಸಿದ್ದ! ಬಂದರಿನ ಊರಿನವು ಒಂದು ಕಡೆ, ಬೆಟ್ಟದ ತಪ್ಪಲಿನ ಊರಿನವು ಇನ್ನೊಂದು ಕಡೆ. ನಿದ್ದೆ, ನೋವು, ಗಾಯ, ಗದ್ದಲ ಎಲ್ಲ ಒಂದೇ ಬಸ್ಸು ಹತ್ತಿದ ಅಪರಿಚಿತರ ಹಾಗೆ ಮೈಗೆ ಮೈ ತಾಗಿಸಿಕೊಂಡು ಕುಳಿತಿದ್ದವು. ಸಿಸ್ಟರ್ ನಕ್ಕಳು. ಎಂದೂ ಸದ್ದುಮಾಡದವಳು, ಎದುರುಮನೆಯ ಮುದುಕಿ ಕಿಟಕಿಗೆ ಬಂದು ನೋಡುವಷ್ಟು ನಕ್ಕಳು.

“ರೀ, ನಾನು ಯಾವ ಊರಿಗೂ ಹೋಗಬೇಕಾಗಿಲ್ಲ. ನಾನು ನಿದ್ದೆಗೆ ಹೋಗಬೇಕು, ನೋವಿಗೆ ಹೋಗಬೇಕು.”

ಅವನು ಮುಖ ಸಪ್ಪಗೆ ಮಾಡಿಕೊಂಡ. ಆಮೇಲೆ ಮತ್ತೆ ಅಂಗಿಯ ತೋಳು ಮಡಿಸಿದ. ‘ನಿದ್ದೆ’ಯೂ ಒಂದು ಊರು ಎಂದುಕೊಂಡರೆ ಆಯಿತು, ‘ನೋವು’ ಇನ್ನೊಂದು ಊರು. ಹಾಗೆಂದುಕೊಂಡ ಮೇಲೆ ಕೈ ತಾನೇ ಓಡಿತು.

ಮುಂದೆ ಅವರ ಸಂಜೆಗಳು ಹೀಗೆ ಸಾಗಿದವು. ಸಿಸ್ಟರ್ ಪಾಳಿ ಮುಗಿಸಿ ಬಂದು, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ಬರೆದದ್ದನ್ನು ಗಟ್ಟಿಯಾಗಿ ಓದುವಳು. ಟಪಾಲಣ್ಣ ಟೈಪು ಮಾಡುವನು. ಬೇರೆಯವರ ಮಾತು ಬಂದ ಕಡೆ ಅವಳು ನಿಲ್ಲಿಸುವಳು. ಇವನು ಗೂಡಿಗೆ ಕೈಹಾಕಿ ಆ ಲೇಖನವನ್ನು ಹಿಡಿದು ಒತ್ತಿದರೆ ವಾಕ್ಯದ ಕೊನೆಯಲ್ಲಿ ಹೆಸರು, ವರ್ಷ ಬಂದು ಕೂರುವುದು. ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಪೂರ್ತಿ ವಿಳಾಸ ತಾನಾಗಿಯೇ ಏಳುವುದು. ಅದು ಎದ್ದಾಗಲೆಲ್ಲ ಅವನು “ಹಾಂ, ಬಂದ ನೋಡು!” ಎನ್ನುವನು, ಮನೆಗೆ ನೆಂಟರು ಬಂದ ಹಾಗೆ.

ನೆಂಟರೇ ಆಗಿಹೋಗಿದ್ದರು ಅವರೆಲ್ಲ. “ಈ ಮೂವರು ನೋಡು, ಎಲ್ಲಿ ಹೋದ್ರೂ ಜೊತೇಲೇ ಹೋಗ್ತಾರೆ.” “ಇವನು ಪಾಪ, ಯಾವಾಗಲೂ ಕೊನೇ ಹೆಸರು.” ಲೇಖಕರು ತುಂಬ ಜನ ಇದ್ದರೆ ಗೂಡು ಒಬ್ಬರ ಹೆಸರು ಹಾಕಿ ಉಳಿದವರನ್ನು ‘ಮತ್ತಿತರರು’ ಎಂದು ಮುಗಿಸಿಬಿಡುತ್ತಿತ್ತು. ಟಪಾಲಣ್ಣನಿಗೆ ಅದನ್ನು ಸಹಿಸಲಾಗಲಿಲ್ಲ.

“ಹೆಸರಿರೋರನ್ನ ಮತ್ತಿತರರು ಅನ್ನೋದಾ? ಲಗ್ನಪತ್ರಿಕೇಲಿ ಚಿಕ್ಕಪ್ಪನ ಹೆಸರು ಬಿಟ್ಟ ಹಾಗಾಯ್ತು. ನಾಳೆ ಜಗಳ ಬರುತ್ತೆ.”

“ನಿಯಮ ಹಾಗಿದೆ ರೀ. ಜಗಳ ಬಂದ್ರೆ ಗೈಡ್ ಹತ್ರ ಕಳಿಸೋಣ.”

ಒಂದು ಭಾನುವಾರ ಅವನ ತಂಗಿ ಬಂದಿದ್ದಳು. ಬಾಯಿ ಚುರುಕಿನವಳು. ಅಣ್ಣ ಕನ್ನಡಕ ಮೂಗಿನ ತುದಿಗಿಟ್ಟು ಪುಟಸಂಖ್ಯೆ ತಾಳೆ ನೋಡುತ್ತಿದ್ದದ್ದು ಕಂಡು, “ಏನಣ್ಣಾ, ಸರ್ಕಾರದ ಚಾಕರಿ ಮುಗಿಸಿ ಅತ್ತಿಗೆ ಆಫೀಸಿಗೆ ಸೇರಿದ್ಯಾ? ರಜಾ ಗಿಜಾ ಕೊಡ್ತಾರಾ?” ಎಂದಳು.

“ರಜೆ ಇಲ್ಲ. ಊಟ ಉಂಟು,” ಎಂದ ಅವನು ತಲೆ ಎತ್ತದೆ.

ಗೂಡಿನಲ್ಲಿದ್ದವರಲ್ಲೆಲ್ಲ ಒಬ್ಬನಿಗೆ ಮಾತ್ರ ವಿಶೇಷ ಮರ್ಯಾದೆ. ಸಿಸ್ಟರ್ ಅವನನ್ನು ‘ಹಿರಿಯಣ್ಣ’ ಎನ್ನುತ್ತಿದ್ದಳು. ಮನುಷ್ಯನಲ್ಲ, ಒಂದು ಲೇಖನ. ಬಹಳ ಆಸ್ಪತ್ರೆಗಳಲ್ಲಿ, ಬಹಳ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ. ಸದ್ದು ತಗ್ಗಿಸಿದ ವಾರ್ಡಿನಲ್ಲಿ ಹೊಲಿಗೆ ಹಾಕಿದ ಗಾಯ ಬೇಗ ಮಾಯುತ್ತದೆ ಎಂದು ಅದು ಘಂಟಾಘೋಷವಾಗಿ ಹೇಳಿತ್ತು. ಎಂದೋ ಒಮ್ಮೆ ನರ್ಸುಗಳ ಕೋಣೆಯಲ್ಲಿ ಅದನ್ನು ಓದಿದ್ದಕ್ಕೇ ಅವಳಿಗೆ ಈ ದಾರಿ ಹಿಡಿಯುವ ಧೈರ್ಯ ಬಂದದ್ದು. ಅದನ್ನು ನಂಬಿಯೇ ತನ್ನ ವಾರ್ಡಿನ ಗಾಡಿಗಳ ಚಕ್ರಕ್ಕೆ ರಬ್ಬರು ಹಾಕಿಸಿದ್ದಳು, ಬಾಗಿಲಿನ ಅಂಚಿಗೆ ಬಟ್ಟೆ ಅಂಟಿಸಿದ್ದಳು, ತಾನೂ ಅಳತೆ ಮಾಡಿ ಬರೆದಿಟ್ಟಿದ್ದಳು. ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ನಿಂತಿದ್ದದ್ದು ಹಿರಿಯಣ್ಣನ ಹೆಗಲ ಮೇಲೆ.

ಪ್ರಬಂಧ ಒಪ್ಪಿಸುವ ಕಾಲ ಹತ್ತಿರ ಬಂತು. ಅದಕ್ಕೆ ಮುಂಚೆ ಕಾಲೇಜಿನಲ್ಲಿ ಎಲ್ಲರೆದುರು ನಿಂತು ಒಮ್ಮೆ ವಿವರಿಸಬೇಕಿತ್ತು. ಒಂದು ಬೆಳಿಗ್ಗೆ ಸಿಸ್ಟರ್ ಆಸ್ಪತ್ರೆಗೆ ಹೋದ ಮೇಲೆ ಟಪಾಲಣ್ಣ ಯಥಾಪ್ರಕಾರ ಗೂಡು ತೆರೆದ. ಹಿರಿಯಣ್ಣನ ತಲೆಯ ಮೇಲೆ ಕೆಂಪು ಪಟ್ಟಿ ಎದ್ದಿತ್ತು.

‘ಈ ಲೇಖನವನ್ನು ಹಿಂತೆಗೆದುಕೊಳ್ಳಲಾಗಿದೆ.’

ಎಲ್ಲಿಗೆ ತೆಗೆದುಕೊಂಡರು, ಯಾಕೆ ತೆಗೆದುಕೊಂಡರು ಎಂದು ಅವನಿಗೆ ಅರ್ಥವಾಗಲಿಲ್ಲ. ಪಟ್ಟಿಯ ಮೇಲೆ ಒತ್ತಿದಾಗ ಪತ್ರಿಕೆಯವರ ಪ್ರಕಟಣೆ ತೆರೆದುಕೊಂಡಿತು. ನಿಧಾನವಾಗಿ, ಒಂದೊಂದೇ ಪದವನ್ನು ನಿಘಂಟಿನಲ್ಲಿ ನೋಡಿ ಓದಿದ. ಮೂಲ ದಾಖಲೆ ತೋರಿಸಿ ಎಂದರೆ ಲೇಖಕರು ತೋರಿಸಲಾಗಲಿಲ್ಲ. ಹಲವು ಆಸ್ಪತ್ರೆಗಳು ತಮ್ಮಲ್ಲಿ ಅಂಥ ಅಧ್ಯಯನವೇ ನಡೆದಿಲ್ಲ ಎಂದಿವೆ. ಅಂಕಿಗಳನ್ನು ನಂಬುವಂತಿಲ್ಲ. ಆದ್ದರಿಂದ ಪತ್ರಿಕೆ ಇದನ್ನು ತನ್ನದೆಂದು ಇನ್ನು ಒಪ್ಪಿಕೊಳ್ಳುವುದಿಲ್ಲ.

ಹಿರಿಯಣ್ಣ ಸುಳ್ಳುಬುರುಕ!

ಅದೇ ಹೊತ್ತಿಗೆ ಫೋನು ಬಡಿಯಿತು. ಸಿಸ್ಟರ್. ಊಟದ ಬಿಡುವಿಗೂ ಕಾಯದೆ, ಔಷಧಿಯ ಕೋಣೆಯಿಂದ ಪಿಸುದನಿಯಲ್ಲಿ ಮಾತಾಡುತ್ತಿದ್ದಳು.

“ರೀ, ಗೈಡ್ ಹೇಳಿದ್ರು, ಮೂರನೇ ಅಧ್ಯಾಯ ಎಲ್ಲಕ್ಕಿಂತ ಚೆನ್ನಾಗಿದೆಯಂತೆ! ಅವರು ಚೆನ್ನಾಗಿದೆ ಅಂದಿದ್ದು ಇದೇ ಮೊದಲು! ಕೇಳಿಸ್ತಾ?”

“ಕೇಳಿಸ್ತು ಕಣೇ.”

“ಮತ್ತೆ ಸುಮ್ಮನಿದೀರಿ?”

“ಖುಷಿಗೆ ಮಾತು ಬರ್ತಿಲ್ಲ.”

ಫೋನು ಇಟ್ಟ ಮೇಲೆ ಅವನು ಹಿರಿಯಣ್ಣನನ್ನು ಹಿಡಿದೆಳೆದು, ಯಾರೂ ಹೋಗದ ಒಂದು ಕಡತದಲ್ಲಿ ಹಾಕಿದ. ಕೆಂಪು ಪಟ್ಟಿಯೂ ಹಿಂದೆಯೇ ಬಂತು. ಅಧ್ಯಾಯವನ್ನು ತೆರೆದರೆ ಗೂಡು ಒಂದು ಪುಟ್ಟ ಚೌಕ ತಂದು ಮುಂದಿಟ್ಟು, ಈ ಆಕರವನ್ನು ಹಿಂತೆಗೆದುಕೊಂಡಿದ್ದಾರೆ, ಗೊತ್ತಿದೆಯೇ ಎಂದು ಕೇಳಿತು. ಕೆಳಗೆ ಇನ್ನೊಂದು ಸಾಲು: ‘ಇದರ ಬಗ್ಗೆ ಮತ್ತೆ ಎಚ್ಚರಿಸಬೇಡ.’

ಟಪಾಲಣ್ಣ ಆ ಸಾಲನ್ನು ಒತ್ತಿದ. ಚೌಕ ಮಾಯವಾಯಿತು.

ಒತ್ತಿದ ಮೇಲೆ ಬೆರಳನ್ನು ನೋಡಿಕೊಂಡ. ಎಷ್ಟು ಸಾವಿನ ಸುದ್ದಿ, ಎಷ್ಟು ಮುರಿದುಬಿದ್ದ ಸಂಬಂಧಗಳ ಸುದ್ದಿ ಈ ಬೆರಳುಗಳ ಸಂದಿಯಿಂದ ಹಾದುಹೋಗಿರಲಿಲ್ಲ! ಒಂದನ್ನೂ ತಡೆದವನಲ್ಲ. ಆದರೆ ಅವೆಲ್ಲ ಬೇರೆಯವರ ಮನೆಯವು. ಗೂಡಿನ ಮುಂದೆ ನಿಂತವನಿಗೆ ಕಾಗದ ತೆರೆಯುವವರ ಮುಖ ಕಾಣುವುದಿಲ್ಲ. ಈ ಮುಖವನ್ನು ಅವನು ದಿನವೂ ನೋಡುತ್ತಿದ್ದ.

ಮನಸ್ಸಿಗೆ ಸಮಾಧಾನ ಹೇಳಿಕೊಂಡ: ಪ್ರಬಂಧ ಒಪ್ಪಿಸಿ ಪದವಿ ಬಂದುಬಿಡಲಿ, ಆಮೇಲೆ ಹೇಳಿದರಾಯಿತು. ಮನಸ್ಸು ‘ಹೂಂ’ ಎಂದಿತು. ಆದರೂ ಮಧ್ಯಾಹ್ನ ಊಟದ ತಟ್ಟೆಯನ್ನು ಹಾಗೇ ಮುಚ್ಚಿಟ್ಟ.

ಕದ್ದವನ ಕೈ ಸುಮ್ಮನಿರುವುದಿಲ್ಲ. ಅವನು ಕೇಳದೆಯೇ ಬಟ್ಟೆ ಒಗೆದ, ಕಿಟಕಿ ಒರೆಸಿದ, ಹೆಂಡತಿಯ ಚಪ್ಪಲಿಗೆ ಹೊಲಿಗೆ ಹಾಕಿಸಿ ತಂದ. ಅವಳು ಸುಮ್ಮನೆ ಬಾಗಿಲು ದಾಟಿದರೂ “ಇವತ್ತು ಬಹಳ ಚೆನ್ನಾಗಿ ಕಾಣ್ತಿದೀಯ” ಎನ್ನತೊಡಗಿದ. ಮೂರನೆಯ ಸಲ ಅಂದಾಗ ಅವಳು ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತಳು.

“ನಾಡಿ ಓಡ್ತಾ ಇದೆ. ನಾಲಿಗೆ ತೋರಿಸಿ.”

“ನನಗೇನಾಗಿಲ್ಲ ಮಾರಾಯ್ತಿ.”

“ಏನೂ ಆಗದವರು ಕಿಟಕಿ ಒರೆಸಲ್ಲ. ಆ...”

“ಆ,” ಎಂದು ಅವನು ನಾಲಿಗೆ ಚಾಚಿದ. ಹೇಳಬೇಕಾದದ್ದು ಅದರ ತುದಿಯಲ್ಲೇ ಇತ್ತು. ಸಿಸ್ಟರ್‌ಗೆ ಕಾಣಲಿಲ್ಲ.

ತಂಗಿಯ ಹತ್ತಿರ ಸುತ್ತಿ ಬಳಸಿ ಕೇಳಿದ. “ಒಬ್ಬರಿಗೆ ಒಂದು ವಿಷಯ ಗೊತ್ತಿದೆ ಅಂತಿಟ್ಕೋ. ಹೆಂಡತಿಗೆ ಹೇಳಿದ್ರೆ ಅವಳ ಎದೆ ಒಡೆಯುತ್ತೆ. ಹೇಳದಿದ್ರೆ...”

ತಂಗಿ ಸೊಂಟಕ್ಕೆ ಕೈಯಿಟ್ಟಳು. “ಯಾರಣ್ಣಾ ಅವಳು?”

“ಯಾವಳು?”

“ಅದೇ, ಎದೆ ಒಡೆಯೋವಳು! ಲೈಬ್ರರಿ, ಲೈಬ್ರರಿ ಅಂತ ದಿನಾ ಓಡ್ತಿದ್ಯಲ್ಲ, ನನಗೆ ಆಗಲೇ ಅನುಮಾನ ಇತ್ತು. ಕೂದಲು ಬೆಳ್ಳಗಾದ್ರೂ ಬುದ್ಧಿ...”

“ಥೂ ನಿನ್ನ! ಆ ಹೆಂಗಸಿಗೆ ನೆಗಡಿ ಬಿಟ್ರೆ ಲೋಕದಲ್ಲಿ ಬೇರೆ ಸಂಗಾತಿ ಬೇಡ. ಇದು ಪುಸ್ತಕದ ವಿಚಾರ!”

“ಪುಸ್ತಕದ ವಿಚಾರಕ್ಕೆ ಯಾರಾದ್ರೂ ಊಟ ಬಿಡ್ತಾರಾ? ಏನೇ ಇರಲಿ, ಅತ್ತಿಗೆಗೆ ಹೇಳ್ಬಿಡು. ನಾನಾಗಿಯೇ ಹೇಳಿದ್ರೆ ಉಪ್ಪು ಖಾರ ಹಚ್ಚಿ ಹೇಳ್ತೀನಿ, ಗೊತ್ತಲ್ಲ.”

ಗ್ರಂಥಾಲಯಕ್ಕೂ ಹೋದ. ಹಿರಿಯಣ್ಣ ಹೇಳಿದ್ದನ್ನೇ ಹೇಳುವ ಬೇರೆ ಯಾರಾದರೂ ಸಿಕ್ಕಿದರೆ, ಹೆಂಡತಿಗೆ ತಿಳಿಯದ ಹಾಗೆ ಹೆಗಲು ಬದಲಿಸಿಬಿಡಬಹುದು ಎಂಬ ಆಸೆ. ನೆಗಡಿ ಮೇಡಂ ಜೊತೆ ಕೂತು ಇಡೀ ಮಧ್ಯಾಹ್ನ ಹುಡುಕಿದ. ಗಾಯ ಬೇಗ ಮಾಯುತ್ತದೆ ಎಂದವರೆಲ್ಲ ಹಿರಿಯಣ್ಣನನ್ನೇ ನೆಚ್ಚಿ ಹೇಳಿದವರು. ಒಂದೇ ಬಾವಿಯ ನೀರು, ಬೇರೆಬೇರೆ ಕೊಡ.

“ಸರ್, ಇದನ್ನ ಸಿಸ್ಟರ್‌ಗೆ ಹೇಳಿದೀರಿ ತಾನೇ?” ಎಂದಳು ಮೇಡಂ.

“ಹೇಳ್ತೀನಮ್ಮ,” ಎಂದು ಎದ್ದು ಬಂದ.

ಹೇಳಲಿಲ್ಲ. ಕಾಲೇಜಿನಲ್ಲಿ ವಿವರಿಸುವ ದಿನ ಬಾಗಿಲಿಗೇ ಬಂತು. ಹಿಂದಿನ ದಿನ ಸಿಸ್ಟರ್ ರಜೆ ಹಾಕಿ, ಬೆಳಗಿನ ತಿಂಡಿಯಾದ ಮೇಲೆ ಕೋಣೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಳು. ಕೈಯಲ್ಲಿ ಕೋಲಿನ ಬದಲು ಬಾಚಣಿಗೆ. ಟಪಾಲಣ್ಣ ಮಂಚದ ಮೇಲೆ ಕೂತು ಸಭೆಯಾಗಿದ್ದ.

“ಈ ಮಹತ್ವದ ಅಧ್ಯಯನದ ಪ್ರಕಾರ, ನಿಶ್ಶಬ್ದವಾದ ವಾರ್ಡಿನಲ್ಲಿ ಗಾಯ ಬೇಗ ಮಾಯುತ್ತದೆ,” ಎಂದು ಅವಳು ಕನ್ನಡಿಗೆ ಹೇಳಿದಳು. ಆಮೇಲೆ ದನಿ ತಗ್ಗಿತು. “ನನ್ನ ವಾರ್ಡಿನಲ್ಲಿ ನಾನು ಮಾಡಿದ ಅಳತೆಯಲ್ಲಿ ರೋಗಿಗಳು ಹೆಚ್ಚು ಹೊತ್ತು ನಿದ್ದೆ ಮಾಡಿದ್ದು ಮಾತ್ರ ಕಂಡುಬಂತು. ಗಾಯ ಮಾಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ನನ್ನ ಅಳತೆಯ ದೋಷ ಇರಬೇಕು. ಅನುಭವದ ಕೊರತೆಗೆ ಕ್ಷಮೆ ಇರಲಿ.” ಹೇಳಿ ಅವನತ್ತ ತಿರುಗಿದಳು. “ಕ್ಷಮೆ ಅನ್ನೋದು ಜಾಸ್ತಿ ಆಯ್ತಾ? ದೊಡ್ಡವರ ಮುಂದೆ ಸ್ವಲ್ಪ ತಗ್ಗಿ ನಡೆದ್ರೆ ಒಳ್ಳೇದು ಅಲ್ವಾ?”

ಟಪಾಲಣ್ಣನಿಗೆ ಇನ್ನು ಕೂರಲಾಗಲಿಲ್ಲ. ಚಳಿಗೆ, ಮಳೆಗೆ, ಪಾಳಿಗೆ ಜಗ್ಗದೆ ಹಾಸಿಗೆಯಿಂದ ಹಾಸಿಗೆಗೆ ನಡೆದು ಕಣ್ಣಾರೆ ಕಂಡು ಬರೆದವಳು, ಕಾಣದ್ದನ್ನು ಬರೆದವನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಹಾಗೆ ನಿಲ್ಲಿಸಿದವನು ತಾನು. ದೊಡ್ಡ ಗುಮಾಸ್ತರು ಕಳ್ಳ ಎಂದದ್ದು ಯಾರನ್ನು ಎಂದು ಈಗ ಪೂರ್ತಿ ತಿಳಿಯಿತು.

“ಕ್ಷಮೆ ಕೇಳಬೇಡ ಕಣೇ,” ಎಂದ. “ಅವನೇ ಸುಳ್ಳ.”

“ಯಾರು?”

“ಹಿರಿಯಣ್ಣ. ಅದನ್ನ ಪತ್ರಿಕೆಯವರು ವಾಪಸ್ ತಗೊಂಡಿದಾರೆ. ಅಂಕಿ ಎಲ್ಲ ಕಟ್ಟುಕತೆಯಂತೆ.”

ಅವಳು ಬಾಚಣಿಗೆಯನ್ನು ಮೇಜಿನ ಮೇಲಿಟ್ಟಳು. ಸದ್ದಾಗಲಿಲ್ಲ. ಮಂಚದ ಅಂಚಿಗೆ ಬಂದು ಕೂತಳು. ಅವನು ಕಂಪ್ಯೂಟರ್ ತಂದು ಪ್ರಕಟಣೆ ತೋರಿಸಿದ. ಅವಳು ಅದನ್ನು ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ ಓದಿದಳು.

“ಇದರ ತಾರೀಖು ಹಳೇದು. ನಿಮಗೆ ಯಾವಾಗ ಗೊತ್ತಾಯ್ತು?”

“...ಗೈಡ್ ಹೊಗಳಿದ್ರು ಅಂತ ಫೋನ್ ಮಾಡಿದ್ಯಲ್ಲ. ಆವತ್ತು.”

“ಆವತ್ತಿಂದ?” ಅವಳ ದನಿ ಇನ್ನೂ ಮೆಲ್ಲಗಾಯಿತು; ಅವನಿಗೆ ಹೆದರಿಕೆಯಾಯಿತು. “ಕಿಟಕಿ ಒರೆಸಿದ್ದು ಇದಕ್ಕಾ? ಚಪ್ಪಲಿ ಹೊಲಿಸಿದ್ದು ಇದಕ್ಕಾ?”

“ನಿನ್ನ ಖುಷಿ ಕೆಡಿಸೋಕೆ ಮನಸ್ಸು ಬರಲಿಲ್ಲ.”

“ನಮ್ಮ ವಾರ್ಡಲ್ಲಿ ದಿನಾ ನೋಡ್ತೀನಿ ರೀ. ಮನೆಯವರು ಬಾಗಿಲ ಹಿಂದೆ ಕರೆದು, ಪೇಷಂಟ್ ಹತ್ರ ಹೇಳ್ಬೇಡಿ ಸಿಸ್ಟರ್, ತಡ್ಕೊಳ್ಳಲ್ಲ ಅಂತಾರೆ. ಒಳಗೆ ಪೇಷಂಟು, ಇವರ ಮುಖ ನೋಡೇ ಎಲ್ಲ ತಿಳ್ಕೊಂಡು ಒಬ್ಬನೇ ಒದ್ದಾಡ್ತಿರ್ತಾನೆ. ನಾನು ಎಷ್ಟು ಜನಕ್ಕೆ ಬೈದಿಲ್ಲ! ಇವತ್ತು ನನ್ನ ಮನೇಲೇ ನಾನೇ ಪೇಷಂಟ್ ಆದೆ.” ಕಣ್ಣೊರೆಸಿಕೊಂಡಳು. “ನಾಳೆ ಅಲ್ಲಿ ಯಾರಾದ್ರೂ ಎದ್ದು ನಿಂತು ಇದನ್ನ ಕೇಳಿದ್ದಿದ್ರೆ? ನಾನು ಎಲ್ಲಿ ನೋಡ್ಬೇಕಿತ್ತು?”

ಟಪಾಲಣ್ಣ ತಪ್ಪು ಮಾಡಿದ ಮಗುವಿನ ಹಾಗೆ ಕೈಕಟ್ಟಿ ನಿಂತ. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಅಂದು ಮಧ್ಯಾಹ್ನದ ಊಟ ಇಬ್ಬರೂ ಬೇರೆಬೇರೆ ಮಾಡಿದರು, ಅಥವಾ ಮಾಡಲಿಲ್ಲ. ಅವನು ಹಜಾರದಲ್ಲಿ ಕೂತು ಒಳಗಿನ ಸದ್ದಿಗೆ ಕಿವಿಗೊಟ್ಟ. ಮೊದಲು ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಗೈಡ್ ಜೊತೆ ಫೋನಿನಲ್ಲಿ ಮಾತಾಡುವ ದನಿ. ಆಮೇಲೆ ಕಾಗದ ತಿರುವುವ ಸದ್ದು. ತಿರುವುತ್ತ ತಿರುವುತ್ತ ಆ ಸದ್ದು ಚುರುಕಾಯಿತು.

ಸಂಜೆಯ ಬಿಸಿಲು ಹಜಾರಕ್ಕೆ ಬರುವ ಹೊತ್ತಿಗೆ ಬಾಗಿಲು ತೆರೆಯಿತು.

“ರೀ, ಬನ್ನಿ ಇಲ್ಲಿ. ನಾಳೆ ಮಾತಾಡೋದು ರದ್ದು. ಒಪ್ಪಿಸೋದು ಮುಂದಿನ ಅವಧಿಗೆ. ಗೈಡ್ ಬೈದ್ರು, ಆಮೇಲೆ ಅವರೂ ನೋಡಿರಲಿಲ್ಲ ಅಂತ ತಮ್ಮನ್ನೂ ಬೈಕೊಂಡ್ರು. ಮೂರನೇ ಅಧ್ಯಾಯ ಮತ್ತೆ ಬರೀಬೇಕು. ಕೂತ್ಕೊಳ್ಳಿ.”

ಅವನು ಕೂತ. ಗೂಡು ತೆರೆದ. “ಹಿರಿಯಣ್ಣನ್ನ ಅಳಿಸಿಹಾಕ್ಲಾ?”

“ಬೇಡ. ಇರಲಿ. ಇದನ್ನ ನಂಬಿದ್ದೆ, ಇದು ಸುಳ್ಳು ಅಂತ ಗೊತ್ತಾಯ್ತು, ಹಿಂತೆಗೆದುಕೊಂಡಿದಾರೆ ಅಂತಲೇ ಬರೀತೀನಿ. ಬಚ್ಚಿಡೋದು ಈ ಮನೇಲಿ ಇವತ್ತಿಗೆ ಮುಗೀತು.” ಅವಳು ತನ್ನ ಅಳತೆಯ ಹಾಳೆಗಳನ್ನು ಮಡಿಲಲ್ಲಿ ಹರಡಿಕೊಂಡಿದ್ದಳು. “ನೋಡಿ, ನಾನು ಕಂಡಿದ್ದು ಇಷ್ಟೇ. ಸದ್ದು ಕಡಿಮೆಯಾದ್ರೆ ನಿದ್ದೆ ಬರುತ್ತೆ. ಗಾಯ ಅದರ ಪಾಡಿಗೆ ಮಾಯುತ್ತೆ. ಇದನ್ನ ಹೇಳೋಕೆ ನಾಚಿಕೆಪಟ್ಟು ಅವನ ಬೆನ್ನ ಹಿಂದೆ ಮುಚ್ಚಿಡ್ತಿದ್ದೆ ನಾನು. ಹೊಟ್ಟೆ ಕೊಯ್ಸಿಕೊಂಡವನಿಗೆ ಒಳ್ಳೇ ನಿದ್ದೆ ಬರೋದು ಏನು ಸಣ್ಣ ವಿಷಯಾನಾ?”

“ಅಲ್ಲ ಕಣೇ.”

“ಹೂಂ. ಬರ್ಕೊಳ್ಳಿ.”

ಅವನು ಬರೆದುಕೊಂಡ. ಕಾಲಿಡಲು ಬಿಸಿನೀರು ತರಲೇ ಎಂದು ಕೇಳಬೇಕೆನಿಸಿತು. ಅದೂ ಕಿಟಕಿ ಒರೆಸಿದ ಹಾಗೆ ಕಂಡೀತೆಂದು ಸುಮ್ಮನಾದ. ಅವಳೇ ನಡುವೆ ನಿಲ್ಲಿಸಿ, “ನೀರು ತರಲ್ವಾ ಇವತ್ತು?” ಎಂದಳು. ಅವನು ಎದ್ದು ಓಡಿದ.

ಬಕೆಟ್ಟಿನಲ್ಲಿ ಕಾಲಿಟ್ಟ ಮೇಲೆ ಅವಳು ಕರಾರು ಹಾಕಿದಳು. ಗೂಡಿನಲ್ಲಿರುವ ಒಬ್ಬೊಬ್ಬರನ್ನೂ ಅವನು ಮತ್ತೆ ವಿಚಾರಿಸಬೇಕು. ಯಾರ ತಲೆಯ ಮೇಲೆ ಕೆಂಪು ಪಟ್ಟಿ ಎದ್ದರೂ ಆ ಕ್ಷಣ ಹೇಳಬೇಕು. “ನಾನು ಊಟ ಮಾಡ್ತಿರಲಿ, ಮಲಗಿರಲಿ, ನಿಮ್ಮ ಮೇಲೆ ಸಿಟ್ಟಾಗಿರಲಿ. ತಿಳೀತಾ?”

“ತಿಳೀತು.”

ಟಪಾಲಣ್ಣ ಮಾತಿಗೆ ತಪ್ಪುವ ಆಸಾಮಿಯಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಸ್ನಾನದ ಮನೆಯ ಬಾಗಿಲು ದಬದಬ ಬಡಿದ. ಒಳಗೆ ನೀರಿನ ಸದ್ದು ನಿಂತಿತು.

“ಇನ್ನೊಬ್ಬ ಹೋದ ಕಣೇ!”

“ಅಯ್ಯೋ! ಯಾರ್ರೀ? ಯಾವ ಮನೆಯವರು?”

“ನಮ್ಮ ಗೂಡಲ್ಲಿ! ಎರಡನೇ ಅಧ್ಯಾಯದಲ್ಲಿ, ಕಿವಿಗೆ ಹತ್ತಿ ಇಡೋದರ ಬಗ್ಗೆ ಹೇಳಿದ್ನಲ್ಲ, ಅವನು! ಈಗತಾನೇ ಕೆಂಪಾದ!”

ಒಳಗಿನಿಂದ ಆ ಮೆಲ್ಲನೆಯ ದನಿ.

“ಅವನ ಮೇಲೆ ಒಂದೇ ವಾಕ್ಯ ನಿಂತಿರೋದು. ಹೋದ್ರೆ ಹೋಗ್ಲಿ. ಬಂದು ತೆಗೀತೀನಿ. ಬಾಗಿಲು ಮುರೀಬೇಡಿ, ಟವೆಲ್ ಮರೆತು ಬಂದಿದೀನಿ, ಅದನ್ನ ಕೊಡಿ.”

ಟಪಾಲಣ್ಣ ಟವೆಲ್ ತಂದು ಬಾಗಿಲ ಸಂದಿಯಿಂದ ತಲುಪಿಸಿದ.